ಟವಲಿನೊಳಗಿನ ಕಿರುಬೆರಳು

ಧರ್ಮಣ್ಣನ ಬಾಯಿ ದೊಡ್ಡದು, ಹೊಟ್ಟೆ ಅದಕ್ಕಿಂತ ದೊಡ್ಡದು. ಊಟದ ಮಾತಲ್ಲ, ಗುಟ್ಟಿನ ಮಾತು. ನೆಲೋಗಿಯಾಚೆಯ ನಮ್ಮೂರ ದನದ ಸಂತೆಯಲ್ಲಿ ಇಪ್ಪತ್ತು ವರ್ಷ ದಲಾಲನಾಗಿದ್ದರೂ, ಯಾರ ಎತ್ತು ಎಷ್ಟಕ್ಕೆ ಹೋಯಿತೆಂದು ಹೆಂಡತಿ ರುಕ್ಮಿಣಿಬಾಯಿಗೂ ಹೇಳಿದವನಲ್ಲ.

ಅಲ್ಲಿ ರೇಟನ್ನು ಬಾಯಲ್ಲಿ ಆಡುವುದಿಲ್ಲ. ದಲಾಲ ಟವಲು ಮುಚ್ಚಿ ಅದರಡಿ ಕೈ ಹಿಡಿಯುತ್ತಾನೆ. ಒಂದು ಬೆರಳು ಹಿಡಿದರೆ ನೂರು, ಎರಡು ಹಿಡಿದರೆ ಇನ್ನೂರು. ಮೇಲೆ ಮಾತ್ರ ಮಳೆ-ಬೆಳೆಯ ಸುದ್ದಿ. ಯಾಕಪ್ಪ ಇಷ್ಟು ಗುಟ್ಟು? ಎತ್ತು ಮಾರಿದವನ ಕೈಯಲ್ಲಿ ಏಳುನೂರು ಇದೆಯೆಂದು ಗೊತ್ತಾದರೆ ಸಂಜೆಯೊಳಗೆ ಮೂವರು ಭಾವಮೈದುನರು ಬಾಗಿಲಲ್ಲಿ ನಿಂತಿರುತ್ತಾರೆ!

ಎಪ್ಪತ್ತೆಂಟರಲ್ಲಿ ಊರಿಗೆ ಹೆರಿಗೆಯ ನರ್ಸ್ ಬಂದಳು, ವಜೀರುನ್ನಿಸಾ. ಬಾಯಿ ಚುರುಕು, ಕೈ ಇನ್ನೂ ಚುರುಕು. ಆದರೆ ಹೆರಿಗೆ ಮಾಡಿಸಲು ಒಂದು ಕೋಣೆ ಇರಲಿಲ್ಲ. ಪಂಚಾಯ್ತಿ ಚೇರಮನ್ ಶಾಂತಲಿಂಗಪ್ಪ ಡಂಗುರ ಹೊಡೆಸಿದ: ಸಂತೆಯ ವ್ಯಾಪಾರದಲ್ಲಿ ನೂರಕ್ಕೆ ಒಂದು ರೂಪಾಯಿ ಪಟ್ಟಿ, ಅದರಲ್ಲೇ ಕೋಣೆ.

ಜನ ಕೊಟ್ಟರು, ಕೊಡದೆ ಏನು! ಆದರೆ ಆ ವರ್ಷ ಪಂಚಾಯ್ತಿ ಚೀಟಿಯಲ್ಲಿ ಇನ್ನೂರರ ಮೇಲೆ ಒಂದು ಎತ್ತೂ ಮಾರಾಟವಾಗಲಿಲ್ಲ. ಖಿಲಾರಿ ಹೋರಿಗೂ ಇನ್ನೂರು, ಹಲ್ಲುದುರಿದ ಮುದಿ ಎತ್ತಿಗೂ ಇನ್ನೂರು. ಕೋಣೆಯ ಗೋಡೆ ಮೊಣಕಾಲಿಗೆ ಬಂದು ನಿಂತುಬಿಟ್ಟಿತು.

“ಯುಗಾದಿಯೊಳಗ ಮಾಳಿಗಿ ಏರಲಿಲ್ಲಂದ್ರ ನಾ ಬದಲಿ ಮಾಡಿಸ್ಕೊಂಡು ಹೋಗ್ತೇನಿ,” ಎಂದಳು ವಜೀರುನ್ನಿಸಾ.

ಅದನ್ನು ಕೇಳಿ ಧರ್ಮಣ್ಣ ಅವಳ ಬಾಗಿಲಿಗೇ ಹೋದ. ಮಗಳು ಚಂದಮ್ಮ ಚೊಚ್ಚಲ ಬಸುರಿ, ಬಸವ ಜಯಂತಿಗೆ ದಿನ ತುಂಬುತ್ತಿತ್ತು. ಆಸ್ಪತ್ರೆಯಿರುವ ಜೇವರ್ಗಿಗೆ ದಿನಕ್ಕೆ ಎರಡೇ ಬಸ್ಸು. ಹೆರಿಗೆ ನೋವು ಬಸ್ಸಿನ ಟೈಮು ನೋಡಿ ಬರುತ್ತದೆಯೇ?

“ಕಾಕಾ, ಖರೇ ರೇಟು ನಿಮಗ ಗೊತ್ತದ. ಪಂಚಾಯ್ತಿಗೆ ಹೇಳಿಬಿಡ್ರಿ,” ಎಂದಳು ನರ್ಸ್.

“ಹೇಳಿದ್ರ ನಾಳಿಂದ ನನ್ನ ಟವಲಿನಾಗ ಯಾರು ಕೈ ಹಾಕ್ತಾರವ್ವ?”

ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮುಂದಿನ ಸಂತೆಗೆ ಧರ್ಮಣ್ಣ ಸೊಂಟಕ್ಕೆ ಬೀಗ ಹಾಕಿದ ಡಬ್ಬಿ ಕಟ್ಟಿಕೊಂಡು ಬಂದ.

“ಕೇಳ್ರಿ! ರೇಟು ಮುಗಿದ ಮ್ಯಾಲೆ ನನ್ನ ಕಿರುಬೆರಳು ಒತ್ತಬೇಕು. ಒತ್ತಿದ್ರ ಒಪ್ಪಿದಂಗ, ಖರೇ ರೇಟಿನ ಪಟ್ಟಿ ಈ ಡಬ್ಬಿಗೆ. ಎಲ್ಲಾರ ರೊಕ್ಕ ಒಂದ್ರಾಗ ಕೂಡಿತಂದ್ರ ಯಾರದೆಷ್ಟು ಅಂತ ಬ್ರಹ್ಮಗೂ ತಿಳಿಯಂಗಿಲ್ಲ. ಒತ್ತದವರು ಬ್ಯಾರೆ ದಲಾಲನ್ನ ನೋಡ್ಕೊಳ್ರಿ.”

ಮೊದಲು ಬಂದವನು ಹಣಮಂತರಾಯ, ಊರಿಗೇ ದೊಡ್ಡ ಜಮೀನುದಾರ. ಎಲ್ಲ ಬೆರಳೂ ಒತ್ತಿದ, ಕಿರುಬೆರಳೊಂದನ್ನು ಬಿಟ್ಟು. ಧರ್ಮಣ್ಣ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡ.

“ಯಾಕಲೇ?”

“ನಿಮ್ಮ ಕೈಗೆ ಒಂದು ಬೆರಳು ಕಡಿಮಿ ಅದ, ಗೌಡ್ರ.”

ಸಂತೆಯೇ ನಕ್ಕಿತು. ಆದರೆ ನಗುವಿನಿಂದ ರೊಟ್ಟಿ ಬೇಯುವುದಿಲ್ಲ. ಹಣಮಂತರಾಯ ಹೋದ ದಾರಿಯಲ್ಲೇ ಉಳಿದವರೂ ಹೋದರು. ಮೂರು ಸಂತೆ ಧರ್ಮಣ್ಣನ ಟವಲು ಹೆಗಲಿಂದ ಇಳಿಯಲಿಲ್ಲ. “ಊರಿಗೆ ಬೆರಳು ತೋರಿಸಾಕ ಹೋಗಿ ನಮ್ಮ ಒಲಿ ಆರಿಸಿದಿ,” ಎಂದು ರುಕ್ಮಿಣಿಬಾಯಿ ಗದರಿದಳು. ಅವನಿಗೂ ಹೆದರಿಕೆಯಾಗಿತ್ತು, ಸುಳ್ಳೇಕೆ.

ಅಷ್ಟರಲ್ಲಿ ಹಣಮಂತರಾಯ ಇನ್ನೊಬ್ಬ ದಲಾಲನ ಮೂಲಕ ಜೋಡೆತ್ತು ಮಾರಿದ. ಆ ದಲಾಲನ ಬಾಯಿಗೆ ಬೀಗವೇ ಇರಲಿಲ್ಲ. ಹೊತ್ತು ಮುಳುಗುವುದರೊಳಗೆ ರೇಟು ಊರಿಗೆಲ್ಲ ಗೊತ್ತಾಗಿ, ಕೈಗಡ ಕೇಳಲು ಮೂವರು ಭಾವಮೈದುನರೂ ಬಂದು ಕಟ್ಟೆಯ ಮೇಲೆ ಕೂತರು!

ಮುಂದಿನ ಸಂತೆಯಲ್ಲಿ ಹಣಮಂತರಾಯ ತಾನಾಗಿ ಬಂದು ಟವಲಿನೊಳಗೆ ಕೈ ತೂರಿಸಿ, ಧರ್ಮಣ್ಣನ ಕಿರುಬೆರಳನ್ನು ನೀಲಿಯಾಗುವಂತೆ ಒತ್ತಿದ. ಅವನ ಹಿಂದೆ ಸಂತೆಯೂ ಬಂತು. ಡಬ್ಬಿಯ ರೊಕ್ಕದಿಂದ ಗೋಡೆ ಎದ್ದು, ಯುಗಾದಿಗೆ ಎರಡು ದಿನ ಇರುವಾಗ ಮಾಳಿಗೆ ಏರಿತು.

ಬಸವ ಜಯಂತಿಯ ಮಧ್ಯಾಹ್ನ ಚಂದಮ್ಮ ಅದೇ ಕೋಣೆಯೊಳಗಿದ್ದಳು. ಧರ್ಮಣ್ಣ ಹೊರಗೆ ಮೆಟ್ಟಿಲ ಮೇಲೆ ಕೂತು ಕಂಡ ಕಂಡ ದೇವರಿಗೆಲ್ಲ ಕೈಮುಗಿಯುತ್ತಿದ್ದ. ವಜೀರುನ್ನಿಸಾ ಬೆವರು ಒರೆಸುತ್ತ ಹೊರಬಂದಳು.

“ಏನಾತು? ಹೇಳ ಬೇ!”

ಅವಳು ಅವನ ಹೆಗಲ ಟವಲನ್ನೇ ಎಳೆದು ಕೈಮೇಲೆ ಮುಚ್ಚಿ, ಎರಡು ಬೆರಳು ಹಿಡಿದಳು.

“ಇನ್ನೂರು?” ರೂಢಿಯ ಬಾಯಿ ತಪ್ಪಿ ಅಂದುಬಿಟ್ಟಿತು. ಆಮೇಲೆ ಒಳಗಿಂದ ಎರಡು ಅಳು ಒಟ್ಟಿಗೇ ಕೇಳಿದವು. ಧರ್ಮಣ್ಣನ ಕಣ್ಣು ತುಂಬಿ ಬಂತು.

ಒಳಗೆ ಓಡಲು ಎದ್ದ. ಅವಳು ಕೈ ಬಿಡಲಿಲ್ಲ, ಟವಲಿನಡಿ ಅವನ ಕಿರುಬೆರಳನ್ನು ಗಟ್ಟಿಯಾಗಿ ಒತ್ತಿದಳು.

ಧರ್ಮಣ್ಣ ಅಳುತ್ತಲೇ ಸೊಂಟದ ಡಬ್ಬಿಗೆ ಎರಡು ರೂಪಾಯಿ ಪಟ್ಟಿ ಹಾಕಿದ.