ದೃಷ್ಟಿ ತೆಗೆದ ಉಪ್ಪು

ನಮ್ಮ ಅತ್ತೆ ನನ್ನನ್ನು ಮಗಳ ಹಾಗೆ ನೋಡಿಕೊಂಡದ್ದು ಒಂದೇ ಒಂದು ಬೇಸಿಗೆ. ನನ್ನ ಮಾವಿನ ಸಸಿ ಸತ್ತದ್ದೂ ಅದೇ ಬೇಸಿಗೆಯಲ್ಲಿ. ಎರಡನ್ನೂ ಬೇರೆ ಬೇರೆ ಮಾಡಿ ನೆನೆಯುವುದು ಈ ವಯಸ್ಸಿನಲ್ಲೂ ನನ್ನಿಂದಾಗಿಲ್ಲ.

ಐವತ್ತರ ದಶಕದ ಮಾತು. ಧಾರವಾಡದಾಚೆಯ ಕೆಂಪು ಮಣ್ಣಿನ ಊರಿನವಳು ನಾನು. ಮದುವೆಯಾಗಿ ಬಂದದ್ದು ರೋಣ ತಾಲೂಕಿನ, ನರೇಗಲ್ಲಿಗೆ ಹತ್ತಿರದ, ಕಪ್ಪು ಎರೆಭೂಮಿಯ ಹಳ್ಳಿಗೆ. ಕುಡಿಯಲಿಕ್ಕೂ ಅಡುಗೆಗೂ ಕೆರೆಯ ನೀರು. ಹಿತ್ತಲಿನ ಬಾವಿಯದು ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ, ಬಾಯಿಗೆ ಹಾಕಿದರೆ ಉಗುಳಬೇಕು. ಬಂದ ಹೊಸದರಲ್ಲಿ ಆ ನೀರಿನ ಮೇಲೆ ನನಗಿದ್ದ ಸಿಟ್ಟು ಅಷ್ಟಿಷ್ಟಲ್ಲ.

ಮೊದಲ ದೀಪಾವಳಿ ಮುಗಿಸಿಕೊಂಡು ನನ್ನನ್ನು ಬಿಡಲು ಬಂದಾಗ ಅಪ್ಪ ಚಿಮಣಿ ಎಣ್ಣೆಯ ಹಳೇ ಡಬ್ಬಿಯಲ್ಲಿ ಒಂದು ಮಾವಿನ ಸಸಿ ತಂದಿದ್ದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದು ಅವನ ತೊಡೆಯ ಮೇಲೆಯೇ. ಹಿತ್ತಲಲ್ಲಿ ತಾನೇ ತಗ್ಗು ತೋಡಿ ನೆಟ್ಟ. "ಇದು ಹಣ್ಣು ಬಿಡೂ ಹೊತ್ತಿಗೆ ನೀ ಈ ಊರಾಕಿ ಆಗಿರ್ತಿ ನೋಡವ್ವಾ" ಅಂದ.

ಸಂಕ್ರಾಂತಿಗೆ ಅಪ್ಪ ಇರಲಿಲ್ಲ. ಸುದ್ದಿ ತಿಳಿದು ನಾವು ಹೋಗಿ ಮುಟ್ಟುವುದರೊಳಗೆ ಮಣ್ಣು ಮಾಡಿ ಮುಗಿಸಿದ್ದರು. ಅವ್ವ ನನ್ನ ಸಣ್ಣಂದಿನಲ್ಲೇ ಹೋಗಿದ್ದಳು. ತವರು ಅಂತ ನನಗೆ ಉಳಿದದ್ದು ಮೊಣಕಾಲೆತ್ತರದ ಆ ಸಸಿಯೊಂದೇ.

ಅತ್ತೆಯ ಬಾಯಿ ಬಲು ಜೋರು. "ಕೆರಿ ನೀರು ಮನಷ್ಯಾರಿಗೇ ಸಾಲವಲ್ತು, ಇಕಿ ಗಿಡಕ್ಕ ಕುಡಸ್ತಾಳ!" ಎಂದು ಓಣಿಗೆಲ್ಲ ಕೇಳುವಂತೆ ಒದರುತ್ತಿದ್ದಳು. ಹಾಗಾಗಿ ಬೇಳೆ ತೊಳೆದ ನೀರು, ಅಕ್ಕಿ ತೊಳೆದ ನೀರು, ಇಂಥದನ್ನೆಲ್ಲ ಗಡಿಗೆಯಲ್ಲಿ ಕೂಡಿಟ್ಟು ಹಾಕುತ್ತಿದ್ದೆ. ಸಸಿ ಅಷ್ಟರಲ್ಲೇ ಬದುಕಿತು. ಶಿವರಾತ್ರಿಯ ಹೊತ್ತಿಗೆ ತಾಮ್ರದ ಬಣ್ಣದ ಚಿಗುರೂ ಬಂತು. ನಾನು ಅದರ ಮುಂದೆ ಕೂತು ಅತ್ತದ್ದನ್ನು ಅತ್ತೆ ಅಡುಗೆಮನೆಯ ಬಾಗಿಲಿಂದ ನೋಡಿದಳಂತೆ. ಆವತ್ತಿನಿಂದ ಒದರುವುದು ನಿಂತಿತು.

ಬೇಸಿಗೆಗೆ ಕೆರೆ ತಳ ಕಂಡಿತು. ವಿಧಿಯಿಲ್ಲದೆ ಸಸಿಗೆ ಬಾವಿಯ ನೀರು ಹಾಕತೊಡಗಿದೆ. ಕೆಲವೇ ದಿನಗಳಲ್ಲಿ ಎಲೆಗಳ ತುದಿ ಕಂದಿತು. ನೋಡಿದವಳೇ ಅತ್ತೆ, "ಕಣ್ಣು ಬಿದ್ದೈತಿ. ಆ ಬಾಜೂ ಮನ್ಯಾಕಿ ಬಂದು ಎಷ್ಟ ಚಲೋ ಚಿಗತೈತಿ ಅಂದ್ಲಲ್ಲ, ಆಕೀದ ಕಣ್ಣು" ಅಂದಳು.

ನಮ್ಮ ಮನೆಯಲ್ಲಿ ದೃಷ್ಟಿ ತೆಗೆದ ಉಪ್ಪನ್ನು ಒಲೆಗೆ ಹಾಕುತ್ತಿರಲಿಲ್ಲ. ತಂಬಿಗೆಯ ನೀರಿನಲ್ಲಿ ಕರಗಿಸಿ, ಯಾರೂ ತುಳಿಯದ ಕಡೆ, ಹಿತ್ತಲಿನ ಮೂಲೆಯಲ್ಲಿ ಚೆಲ್ಲುವ ಪದ್ಧತಿ. ಯಾರೂ ತುಳಿಯದ ಜಾಗವೆಂದರೆ ಈಗ ಸಸಿಯ ಪಾತಿಯೇ. ಮಂಗಳವಾರ, ರವಿವಾರ ಸಂಜೆ ಅತ್ತೆ ಒಂದು ಹಿಡಿ ಉಪ್ಪು ಹಿಡಿದು ಸಸಿಗೆ ಮೂರು ಸುತ್ತು ಇಳಿಸಿ, ಕರಗಿಸಿ, ಅದರ ಬುಡಕ್ಕೇ ಹಾಕುತ್ತಿದ್ದಳು. ಆಮೇಲೆ ಅದೇ ಕೈಯಿಂದ ನನ್ನ ತಲೆ ಸವರುತ್ತಿದ್ದಳು. ಅಪ್ಪ ಹೋದ ಮೇಲೆ ನನ್ನ ತಲೆ ಮುಟ್ಟಿದವರು ಬೇರೆ ಯಾರೂ ಇರಲಿಲ್ಲ. ಆ ಎರಡು ಸಂಜೆಗಳಿಗಾಗಿ ನಾನು ವಾರವಿಡೀ ಕಾಯುತ್ತಿದ್ದೆ.

ಬುಡ ಹಸಿಯಾಗಿದ್ದರೂ ಎಲೆ ಜೋತುಬಿದ್ದವು, ಹಳದಿಯಾದವು, ಅಂಚು ಸುಟ್ಟು ಉದುರತೊಡಗಿದವು. ಗೊಬ್ಬರದ ತಗ್ಗು ನೋಡಲು ಸೈಕಲ್ ಮೇಲೆ ಬಂದ, ಬೇಸಾಯದ ಸಲಹೆ ಕೊಡುವ ಸರಕಾರಿ ಗ್ರಾಮಸೇವಕರಿಗೆ ತೋರಿಸಿದೆ. ಅತ್ತೆ ಹೊಲಕ್ಕೆ ಹೋಗಿದ್ದಳು. ಅವರು ಪಾತಿಯ ಮೇಲಿನ ಬಿಳಿ ಹಕ್ಕಳೆ ಕೆರೆದು ನಾಲಿಗೆಗೆ ಹಚ್ಚಿ ಉಗುಳಿದರು.

"ಇದು ಬರೇ ಬಾವಿ ನೀರಿಂದಲ್ಲ ತಂಗೆವ್ವಾ. ಯಾರೋ ಉಪ್ಪು ಹಾಕ್ಯಾರ."

ಅವರು ತಿಳಿಸಿ ಹೇಳಿದರು: "ಎಲಿ ಅಂದ್ರ ಗಿಡದ ಅಡಿಗಿಮನಿ. ಬಿಸಲೇ ಉರಿ, ಗಾಳಿ-ನೀರು ಸಾಮಾನು. ನೆಲದಾಗ ಉಪ್ಪು ಹೆಚ್ಚಾತಂದ್ರ ಬೇರಿಗೆ ನೀರು ಎಳಕೊಳ್ಳಾಕ ಆಗೂದಿಲ್ಲ. ಇದ್ದ ಹಸಿ ಹೋಗಬಾರದಂತ ಎಲಿ ತನ್ನ ಸಣ್ಣ ಸಣ್ಣ ಬಾಯಿ ಮುಚ್ಚಿಕೊಂತೈತಿ. ಆಗ ಗಾಳಿನೂ ಒಳಗ ಹೋಗೂದಿಲ್ಲ, ಅಡಿಗಿ ನಿಂತಂಗ. ಮ್ಯಾಲೆ ಬಿಸಲಿಗೇನು ಬರ ಇಲ್ಲ, ಖರೇ ಗಿಡ ಉಪಾಸ. ಒಳಗ ಹೊಕ್ಕ ಉಪ್ಪು ಎಲಿ ಹಸರನ್ನೂ ಕೆಡಸತೈತಿ. ದೊಡ್ಡ ಗಿಡ ಆಗಿದ್ರ ಒಂದೀಟು ತಡಕೊಂತಿತ್ತು. ಇದು ಕೂಸು."

"ಉಳಿತೈತೇನ್ರಿ?"

"ಉಪ್ಪು ಹಾಕೂದು ನಿಲ್ಲಸ್ರಿ. ಹತ್ತಾರು ಕೊಡ ಕೆರಿ ನೀರು ಹುಯ್ದು ಅದನ್ನ ಕೆಳಗ ತೊಳೀರಿ. ಉಳದರ ಉಳದೀತು."

ಅವತ್ತು ಮಂಗಳವಾರ. ಸಂಜೆ ಹೊಲದಿಂದ ಬಂದ ಅತ್ತೆ ಕೈಕಾಲು ತೊಳೆದು, ನೇರ ಉಪ್ಪಿನ ಗಡಿಗೆಗೆ ಕೈ ಹಾಕಿದಳು. ನಾನು ಹಿಂದೆಯೇ ಹೋದೆ. ಬ್ಯಾಡ್ರಿ ಅತ್ತಿ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಹೇಳಿದರೆ ಸಸಿ ಉಳಿದೀತು; ಆದರೆ ಅದನ್ನು ಕೊಲ್ಲುತ್ತಿದ್ದುದು ತಾನೇ ಎಂದು ತಿಳಿದ ಆ ಕೈ ಮತ್ತೆ ನನ್ನ ತಲೆಯ ಮೇಲೆ ಬಂದೀತೇ? ಅತ್ತೆ ಮೂರು ಸುತ್ತು ಇಳಿಸಿದಳು. "ನಿಮ್ಮಪ್ಪ ಕೊಟ್ಟದ್ದು, ಹಂಗ್ಯಾಂಗ ಹೋಗತೈತಿ" ಎನ್ನುತ್ತ ತಂಬಿಗೆ ಬಗ್ಗಿಸಿದಳು. ನಾನು ನೋಡುತ್ತ ನಿಂತೆ. ಆಕೆಗೆ ನೋವಾಗಬಾರದೆಂದು ಸುಮ್ಮನಿದ್ದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುಳ್ಳು. ನನಗೆ ಆ ಕೈ ಬೇಕಾಗಿತ್ತು.

ಕಾರಹುಣ್ಣಿಮೆಗೆ ಮೊದಲೇ ಸಸಿ ಕಡ್ಡಿಯಾಯಿತು. ಕಿತ್ತು ತೆಗೆದ ದಿನ ಅತ್ತೆ ಹಿತ್ತಲ ಕಟ್ಟೆಯ ಮೇಲೆ ನನ್ನ ಪಕ್ಕ ಕೂತು, ಸೆರಗಿನಿಂದ ಮೊದಲು ನನ್ನ ಕಣ್ಣು ಒರೆಸಿದಳು, ಆಮೇಲೆ ತನ್ನದು.

"ನಂದ ತಪ್ಪವ್ವಾ" ಅಂದಳು. "ಕೆಟ್ಟ ಕಣ್ಣು ಅದು, ಒಂದ ಹಿಡಿಗೆ ಎಲ್ಲಿ ಹೋಗತೈತಿ? ಎರಡ ಹಿಡಿ ತಗೀಬೇಕಿತ್ತು."

ನಾನು ಆಕೆಯ ಒರಟು ಅಂಗೈಯನ್ನು ನನ್ನ ಕೈಯಲ್ಲಿ ತೆಗೆದುಕೊಂಡು, "ಇಲ್ರಿ ಅತ್ತಿ, ನೀವು ಭಾಳ ಮಾಡೀರಿ" ಅಂದೆ.