ನಾಲ್ವರು ಸಿದ್ದಮ್ಮಂದಿರು, ಒಂದೇ ಫೈಲು

ಒಂದು ಸೆಕೆಂಡೂ ಹಿಡಿಯಲಿಲ್ಲ. ಕಂಪ್ಯೂಟರಿಗೆ ಆಜ್ಞೆ ಕೊಡುವ ಎಂಟು ಸಾಲಿನ ಶೆಲ್ ಸ್ಕ್ರಿಪ್ಟು, ಒಂದು ಎಂಟರ್. ತೊಂಬತ್ತು ಆಡಿಯೊ ಫೈಲುಗಳ ಹೆಸರು ಬದಲಾಯಿತು. ನಾನು ಖುಷಿಯಿಂದ ಚಹಾ ಕುಡಿಯಲು ಎದ್ದೆ.

(ಆ ಚಹಾ ನೆನೆದರೆ ಈಗಲೂ ಬಾಯಿ ಕಹಿಯಾಗುತ್ತದೆ.)

ನನಗೊಂದು ಹುಚ್ಚಿದೆ. ಸೇಡಂನಲ್ಲಿ ಮೇಷ್ಟ್ರ ಕೆಲಸ. ಭಾನುವಾರ ಬಂದರೆ ದಂಡೋತಿ, ಮಳಖೇಡ ಎಂದು ಊರೂರು ಸುತ್ತಿ, ಹಳೆ ಬಟ್ಟೆಯ ಕೌದಿ ಹೊಲಿಯುವ ಅಜ್ಜಿಯರ ಮಾತು ರೆಕಾರ್ಡ್ ಮಾಡುವುದು. ರೆಕಾರ್ಡರ್ ಪ್ರತಿ ಫೈಲಿಗೂ ಬರೀ ನಂಬರ್ ಕೊಡುತ್ತದೆ. ಯಾವ ನಂಬರಿನಲ್ಲಿ ಯಾವ ಅಜ್ಜಿ? ಒಂದೊಂದಾಗಿ ಬದಲಿಸುವ ತಾಳ್ಮೆ ಯಾರಿಗಿದೆ? ಅದಕ್ಕೇ ಒಂದು ಪಟ್ಟಿ ಮಾಡಿ, ನಂಬರ್ ತೆಗೆದು ಅಜ್ಜಿಯ ಹೆಸರು ಹಾಕು ಎಂದು ಕಂಪ್ಯೂಟರಿಗೆ ಹೇಳಿದೆ. ಪಾಪ, ಅದು ಹೇಳಿದಷ್ಟನ್ನೇ ಮಾಡಿತು.

ಮರುವಾರ ದಂಡೋತಿಯಿಂದ ಮಹಾದೇವಿಯವರ ಫೋನ್. ಅವರ ತಾಯಿ ಸಿದ್ದಮ್ಮ ತೀರಿಕೊಂಡು ತಿಂಗಳಾಗಿತ್ತು.

"ಸರ್, ನಮ್ಮವ್ವಂದು ಫೋಟೊ ಮನ್ಯಾಗ ಅದರಿ. ಅವಾಜ್ ನಿಮ್ಮ ಕಡಿ ಅಷ್ಟೇ ಅದ. ಒಮ್ಮಿ ಕೇಳಬೇಕಂತ ಭಾಳ ಅನಸ್ಲಿಕತ್ತದ. ಕಳಸ್ರಿ."

"ಇವತ್ತೇ ಕಳಸ್ತೀನವ್ವ" ಎಂದೆ. 'ಸಿದ್ದಮ್ಮ' ಎಂಬ ಫೈಲು ಒತ್ತಿದೆ. ಮಾತಾಡಿದ್ದು ಮಳಖೇಡದ ಇನ್ನೊಬ್ಬ ಸಿದ್ದಮ್ಮ.

ಫೈಲುಗಳನ್ನು ಎಣಿಸಿದೆ. ತೊಂಬತ್ತು ಇದ್ದದ್ದು ಅರವತ್ತೊಂದಾಗಿತ್ತು.

ಆದದ್ದು ಇಷ್ಟೇ. ನಮ್ಮದು ನಾಲವಾರದ ಮಠದ ಸಿದ್ಧರನ್ನು ನೆನೆದು ಮಕ್ಕಳಿಗೆ ಹೆಸರಿಡುವ ಸೀಮೆ. ಪಟ್ಟಿಯಲ್ಲಿ ಸಿದ್ದಮ್ಮಂದಿರೇ ನಾಲ್ವರು. ಒಂದು ಫೋಲ್ಡರಿನಲ್ಲಿ ಒಂದು ಹೆಸರಿಗೆ ಒಂದೇ ಫೈಲು. ಎರಡನೆಯ ಸಿದ್ದಮ್ಮ ಬಂದಾಗ ಮೊದಲನೆಯಾಕೆ ಅಳಿಸಿಹೋದಳು, ಮೂರನೆಯಾಕೆ ಬಂದಾಗ ಎರಡನೆಯಾಕೆ. ಉಳಿದದ್ದು ಕೊನೆಯವಳು. ಪಟ್ಟಿಯಲ್ಲಿ ಮತ್ತೆ ಮತ್ತೆ ಬಂದ ಬೇರೆ ಹೆಸರುಗಳ ಗತಿಯೂ ಇದೇ. ಅಳಿಸುವ ಮುನ್ನ ನನ್ನನ್ನು ಕೇಳು ಎನ್ನಲು ಕಮಾಂಡಿಗೆ ಒಂದಕ್ಷರ ಸೇರಿಸಿದರೆ ಸಾಕಿತ್ತು. ಸೇರಿಸಿರಲಿಲ್ಲ. ರೆಕಾರ್ಡರಿನ ಕಾರ್ಡನ್ನೂ ಆಗಲೇ ಖಾಲಿ ಮಾಡಿ ಹೊಸದು ತುಂಬಿಸಿದ್ದೆ. ಬ್ಯಾಕಪ್? ಅದನ್ನು ಮಕ್ಕಳಿಗೆ ಪಾಠ ಮಾಡುವಾಗ ಮಾತ್ರ ಹೇಳುತ್ತೇನೆ.

ಇದಕ್ಕಿಂತ ನಾಚಿಕೆಯ ಸಂಗತಿ ಇನ್ನೊಂದಿದೆ. ಊರಿನಲ್ಲಿ ಈ ಗೊಂದಲವೇ ಇಲ್ಲ. ಬಾವಿ ಪಕ್ಕದ ಮನೆಯ ಮಹಾದೇವಿಯವರ ತಾಯಿ 'ಬಾವಿಮನಿ ಸಿದ್ದಮ್ಮ', ಊರ ಹೆಬ್ಬಾಗಿಲ ಬಳಿಯ ಮತ್ತೊಬ್ಬರು 'ಅಗಸಿ ಸಿದ್ದಮ್ಮ'. ಚಿಕ್ಕ ಮಕ್ಕಳೂ ತಪ್ಪು ಮನೆಗೆ ಹೋಗುವುದಿಲ್ಲ. ನನ್ನ ನೋಟ್‌ಬುಕ್ಕಿನಲ್ಲೂ ಹಾಗೆಯೇ ಬರೆದಿತ್ತು. ಪಟ್ಟಿ ನೀಟಾಗಿ ಕಾಣಲಿ ಎಂದು ಬಾವಿಮನಿ, ಅಗಸಿ ಎಲ್ಲವನ್ನೂ ಕತ್ತರಿಸಿದವನು ನಾನೇ. (ಓದಿದವರ ಬುದ್ಧಿ!)

ನಾಲ್ಕು ದಿನ ರಿಕವರಿ ಸಾಫ್ಟ್‌ವೇರ್ ಹಾಕಿ ತಡಕಾಡಿದೆ. ಕಣ್ಣು ಉರಿದವು, ದನಿ ಸಿಗಲಿಲ್ಲ. ನಿಜ ಹೇಳಲೇ? ಕೊನೆಗೆ ದುಃಖಕ್ಕಿಂತ ಸುಸ್ತೇ ಹೆಚ್ಚಾಗಿತ್ತು. ನೆಟ್‌ವರ್ಕ್ ಇಲ್ಲ, ಫೋನ್ ಕೆಟ್ಟಿದೆ ಎಂದು ದಿನ ತಳ್ಳಬಹುದಿತ್ತು. ಅದಕ್ಕೂ ತ್ರಾಣ ಉಳಿದಿರಲಿಲ್ಲ.

ಭಾನುವಾರ ದಂಡೋತಿಗೆ ಹೋದೆ. ಮಹಾದೇವಿಯವರು ನೀರು ಕೊಟ್ಟು, ಕೌದಿ ಹಾಸಿ, "ಕುಂದ್ರಿ ಸರ್, ಅವ್ವ ಹೊಲ್ದಿದ್ದು" ಎಂದರು. ಕೂರಲಾಗಲಿಲ್ಲ. ನಿಂತೇ ಎಲ್ಲ ಹೇಳಿದೆ.

ಬೈಯಲಿಲ್ಲ ಅವರು. ಬೈದಿದ್ದರೆ ಹಗುರಾಗುತ್ತಿತ್ತು. ಕೌದಿಯ ಅಂಚು ಸವರಿ, ತಲೆ ಎತ್ತಿ ಕೇಳಿದರು:

"ಅಳಸೋ ಮುಂದ ಅದು ನಿಮಗ ಒಮ್ಮಿನೂ ಕೇಳಲಿಲ್ಲೇನ್ರಿ ಸರ್?"

"ಇಲ್ಲವ್ವ" ಎಂದೆ.

ಅವರವ್ವನ ಹೆಸರಿನಿಂದ 'ಬಾವಿಮನಿ' ಕತ್ತರಿಸುವಾಗ ನಾನು ಯಾರನ್ನು ಕೇಳಿದ್ದೆ?