ಗಾಳಿಯನ್ನು ಗಂಟು ಕಟ್ಟುವವಳು

ಚರ್ಚಿನ ಪುಸ್ತಕದಲ್ಲಿ ಅವಳ ಹೆಸರು ಬೇರೆಯೇ ಇದೆ. ಆದರೆ ಎಲ್ಲರ ಬಾಯಲ್ಲೂ ಅವಳು ತಂಪಕ್ಕ. ಫ್ರಿಜ್ಜು, ಏಸಿ, ಐಸ್‌ಕ್ರೀಮಿನ ಪೆಟ್ಟಿಗೆ, ಏನು ಕೆಟ್ಟರೂ ಅವಳೇ ಬರಬೇಕು. ಸ್ವಭಾವ ಮಾತ್ರ ಅಷ್ಟು ತಂಪಲ್ಲ. "ಇವಳನ್ನ ಒಳಗಿಟ್ರೆ ಫ್ರಿಜ್ಜೇ ಬಿಸಿ ಆಗುತ್ತೆ" ಎಂದು ಬದುಕಿದ್ದಾಗ ಅವಳ ಗಂಡನೇ ನಗುತ್ತಿದ್ದ. ಕೆಲಸ ಕಲಿಸಿದವನೂ ಅವನೇ. ಅವನು ಹೋದ ಮೇಲೆ ಅವಳು ಅಂಗಡಿ ಮುಚ್ಚಲಿಲ್ಲ. ಅವನ ಸ್ಪ್ಯಾನರುಗಳು ಅವೇ ಮೊಳೆಗಳಲ್ಲಿ ತೂಗುತ್ತಿದ್ದವು, ಅವನ ಹಳೇ ಅಂಗಿ ಅವಳ ಕೆಲಸದ ಬಟ್ಟೆಯಾಯಿತು.

ಒಮ್ಮೆ ಊರಿನ ಮೆಕ್ಯಾನಿಕ್‌ಗಳಿಗೆಲ್ಲ ಒಂದು ತರಬೇತಿ ನಡೆಯಿತು. ಫ್ರಿಜ್ಜಿನ ಕೊಳವೆಯೊಳಗೆ ಓಡಾಡುವ ಗ್ಯಾಸು ಹೊರಗೆ ಹೋದರೆ, ವಾಹನಗಳು ಉಗುಳುವ ಇಂಗಾಲದ ಅನಿಲಕ್ಕಿಂತ ತೂಕಕ್ಕೆ ತೂಕ ಸಾವಿರ ಪಟ್ಟಿಗೂ ಹೆಚ್ಚಾಗಿ ಭೂಮಿಯ ಬಿಸಿ ಏರಿಸುತ್ತದೆ ಎಂದು ಅಲ್ಲಿ ಹೇಳಿದರು. ರಿಪೇರಿಗೆ ಮುಂಚೆ ಅದನ್ನು ಯಂತ್ರದಿಂದ ಎಳೆದು ಸಿಲಿಂಡರಿಗೆ ತುಂಬಿ, ದೊಡ್ಡ ಊರಿನ ಡಿಪೋಗೆ ಕಳಿಸಬೇಕು ಎಂದರು. ತಲೆಗೊಂದು ಸಿಲಿಂಡರನ್ನೂ ಕೊಟ್ಟರು. ಎಲ್ಲರೂ ತಲೆಯಾಡಿಸಿದರು, ಮಾರನೆಯ ದಿನದಿಂದ ಹಳೆಯ ಪದ್ಧತಿಯಂತೆಯೇ ಕೊಳವೆ ಕತ್ತರಿಸಿ ಬುಸ್ಸೆಂದು ಬಿಟ್ಟರು. ತಂಪಕ್ಕನೂ ಬಿಟ್ಟಳು.

ಅವಳ ಕೈ ತಡೆದದ್ದು ಒಂದು ಮಗು. ಸಂಡೇ ಸ್ಕೂಲಿನ ಟೀಚರಮ್ಮನ ಮನೆಯಲ್ಲಿ ಕಿರಿಯ ಸೊಸೆಗೆ ಹೆಣ್ಣು ಮಗು ಹುಟ್ಟಿತ್ತು. ಯಾರೂ ಕಂಡಿರದಂಥ ಸೆಕೆಯ ವರ್ಷ. ಜ್ಞಾನಸ್ನಾನಕ್ಕೆ ತಂದಾಗ ಮಗುವಿನ ಕತ್ತು, ಕಂಕುಳೆಲ್ಲ ಬೆವರುಸಾಲೆ ಎದ್ದು ಕೆಂಪಾಗಿತ್ತು. ಎತ್ತಿಕೊಂಡು ನಿಂತವಳು ಜ್ಞಾನತಾಯಿ ತಂಪಕ್ಕ. ಅರಚುತ್ತಿದ್ದ ಕೂಸು ತಲೆಗೆ ನೀರು ಬಿದ್ದೊಡನೆ ಸುಮ್ಮನಾಗಿ, ಬಾಯಿ ಅಗಲಿಸಿ ಅವಳನ್ನೇ ನೋಡಿತು. ಈ ಮಗುವಿನ ಹೊಣೆ ಹೊರುತ್ತೀಯಾ ಎಂದು ಫಾದರ್ ಕೇಳಿದರು. ಹೊರುತ್ತೇನೆ ಎಂದಳು. ಅಂದು ಬೆಳಿಗ್ಗೆಯಷ್ಟೇ ಒಂದು ಏಸಿಯ ಗ್ಯಾಸನ್ನು ಗಾಳಿಗೆ ಬಿಟ್ಟು ಬಂದ ಕೈ ಅದು. ಇನ್ನು ಮುಂದೆ ಈ ಕೈಯಿಂದ ಒಂದು ಉಸಿರಿನಷ್ಟೂ ಹೊರಗೆ ಹೋಗುವುದಿಲ್ಲ ಎಂದು ಅಲ್ಲೇ ದೇವರಿಗೆ ಮಾತು ಕೊಟ್ಟಳು.

ಈ ವಿಷಯ ಹೇಳಿಕೊಂಡದ್ದು ಟೀಚರಮ್ಮನೊಬ್ಬರಲ್ಲಿ. ಅವರು ಕನ್ನಡಕದ ಮೇಲಿಂದ ನೋಡಿ, "ಕಷ್ಟ ಬಂದ ದಿನ ನನ್ನ ಹತ್ರ ಬಾ, ಕೂತು ಅಳು. ಕೊಟ್ಟ ಮಾತಿಂದ ಬಿಡುಗಡೆ ಮಾತ್ರ ಕೇಳ್ಬೇಡ" ಎಂದಿದ್ದರು.

ಅಂದಿನಿಂದ ಅವಳ ಕೆಲಸ ನಿಧಾನವಾಯಿತು. ಅವಸರದ ಗಿರಾಕಿಗಳು ಎದುರಿನ ಅಂಗಡಿಗೆ ದಾಟಿದರು. ಅಲ್ಲಿಯವನನ್ನು ಜನ ಎಕ್ಸ್‌ಪ್ರೆಸ್ ಎನ್ನುತ್ತಿದ್ದರು, ಚಹಾ ಆರುವುದರೊಳಗೆ ರಿಪೇರಿ ಮುಗಿಸಿಬಿಡುತ್ತಿದ್ದ. ತಂಪಕ್ಕನಿಗೆ ಅವನಿಟ್ಟ ಹೆಸರು 'ಗಾಳಿಯನ್ನು ಗಂಟು ಕಟ್ಟುವವಳು'. ಅವಳು ಅವನ ಅಂಗಡಿಯ ಮೆಟ್ಟಿಲು ತುಳಿಯುವುದನ್ನೇ ಬಿಟ್ಟಿದ್ದಳು.

ಕಷ್ಟದ ದಿನ ಬಂತು. ಆದರೆ ಕೂತು ಅಳಲು ಟೀಚರಮ್ಮ ಇರಲಿಲ್ಲ. ತೀರಿಕೊಂಡವರು ಅವರೇ.

ನಸುಕಿನಲ್ಲಿ ಉಸಿರು ನಿಂತಿತ್ತು. ಕಿರಿಮಗ ದೂರದ ಊರಿನಿಂದ ಹೊರಟಿದ್ದ, ಮಾರನೆಯ ಬೆಳಿಗ್ಗೆ ತಲುಪುವವನು. ಅಲ್ಲಿಯವರೆಗೆ ಇರಲೆಂದು ಚರ್ಚಿನ ಫ್ರೀಜರ್ ಪೆಟ್ಟಿಗೆಯನ್ನು ತಂದು ಮುಂದಿನ ಕೋಣೆಯಲ್ಲಿಟ್ಟು ಅದರೊಳಗೆ ಮಲಗಿಸಿದ್ದರು. ಮಧ್ಯಾಹ್ನ ಬಂದವರೆಲ್ಲ, ಮುಖ ಎಷ್ಟು ಚೆನ್ನಾಗಿ ಕಾಣುತ್ತಿದೆ ಎಂದರು. ಕಿರಿಯ ಸೊಸೆ ಮಾತ್ರ ಗಾಜನ್ನು ಮುಟ್ಟಿ ನೋಡಿದಳು. ಗಾಜಿನ ಮೇಲೆ ಬೆಳಿಗ್ಗೆಯಿಂದ ಇದ್ದ ಮಂಜು ಕರಗಿತ್ತು, ಮುಖ ಚೆನ್ನಾಗಿ ಕಾಣುತ್ತಿದ್ದುದು ಅದಕ್ಕೇ. ಅವಳು ಒಳಗೆ ಹೋಗಿ ತಂಪಕ್ಕನಿಗೆ ಫೋನ್ ಮಾಡಿದಳು.

ತಂಪಕ್ಕ ಬಂದು ಪೆಟ್ಟಿಗೆಯ ಹಿಂದೆ ಮಂಡಿಯೂರಿದಳು. ಮೋಟಾರು ಓಡುತ್ತಿತ್ತು. ಫಿಲ್ಟರಿನ ಒಂದು ತುದಿ ಬೆಚ್ಚಗಿತ್ತು, ಇನ್ನೊಂದು ತುದಿ ಬೆವರುತ್ತಿತ್ತು. ಕಸ ಕಟ್ಟಿದೆ, ಕೊಳವೆ ಕತ್ತರಿಸಿ ಹೊಸದು ಹಾಕಬೇಕು. ಅದಕ್ಕೆ ಮುಂಚೆ ಒಳಗಿನ ಗ್ಯಾಸು ಖಾಲಿಯಾಗಬೇಕು. ತನ್ನ ಸಿಲಿಂಡರನ್ನು ತಕ್ಕಡಿಗೆ ತೂಗುಹಾಕಿ ನೋಡಿದಳು. ಕಂಠಮಟ್ಟ ತುಂಬಿತ್ತು. ಈ ಬಿಸಿಲಿಗೆ ಇನ್ನಷ್ಟು ತುರುಕಿದರೆ ಒಡೆದೀತು. ಆಮೇಲೆ ತಾನೇ ಕೊಂಡು ಮನೆಯ ಮಂಚದಡಿ ಇಟ್ಟಿದ್ದವೂ ತುಂಬಿದವೇ. ಡಿಪೋದ ವ್ಯಾನು ಇವತ್ತು ನಾಳೆ ಎನ್ನುತ್ತ ಬಂದೇ ಇರಲಿಲ್ಲ.

ವಿಷಯ ತಿಳಿದ ಹಿರಿಮಗ ಹತ್ತಿರ ಬಂದು ನಿಂತ. ಚರ್ಚಿನ ಸಂಜೆಯ ಗಂಟೆ ಹೊಡೆಯುವುದರೊಳಗೆ ಪೆಟ್ಟಿಗೆ ತಣ್ಣಗಾಗದಿದ್ದರೆ ಇವತ್ತೇ ಮಣ್ಣು ಮಾಡುವುದು, ಫಾದರ್ ಜೊತೆ ಮಾತಾಗಿದೆ, ಗುಂಡಿಯೂ ಸಿದ್ಧವಿದೆ ಎಂದ. ಆಮೇಲೆ ದನಿ ತಗ್ಗಿಸಿದ.

"ಬಿಟ್ಬಿಡಿ ತಂಪಕ್ಕ ಅದನ್ನ ಹೊರಗೆ. ಒಂದು ಸೀಸೆಯಷ್ಟು ಗಾಳಿ. ಲೋಕದ ಚಿಮಣಿಗಳೆಲ್ಲ ಹೊಗೆ ಕಾರ್ತಾ ಕೂತಿವೆ. ಪಾಪ ಅನ್ನೋದು ನಮ್ಮಮ್ಮನ ಪೆಟ್ಟಿಗೆಗೆ ಮಾತ್ರ ಬಂದು ಅಂಟಿಕೊಳ್ತಾ?"

ಚಿಮಣಿಯ ಮಾತು ಸುಳ್ಳೇನಲ್ಲ.

ಅಷ್ಟರಲ್ಲಿ ಕಿರಿಯ ಸೊಸೆ ಮಗುವನ್ನು ಸೊಂಟದಲ್ಲಿಟ್ಟುಕೊಂಡು ಬಂದಳು. "ಅಕ್ಕಾ, ಅವರು ದಾರಿಯಲ್ಲಿದ್ದಾರೆ. ಮುಖ ನೋಡೋವರೆಗೂ ಇಟ್ಟುಕೊಂಡಿರಿ ಅಂತ ಒಂದೇ ಮಾತು ಹೇಳಿದ್ದು. ನಿಮ್ಮ ಕಾಲಿಗೆ ಬೀಳ್ತೀನಿ, ಬೇಗ ಮಾಡಿ."

ಮಗು ಜ್ಞಾನತಾಯಿಯ ಗುರುತು ಹಿಡಿದು, ನಕ್ಕು, ಅವಳ ಕಿವಿಯೋಲೆಗೆ ಕೈ ಚಾಚಿತು. ಯಾರಿಗಾಗಿ ಮಾತು ಕೊಟ್ಟಿದ್ದಳೋ ಅವಳ ತಾಯಿಯೇ ಆ ಮಾತು ಮುರಿ ಎಂದು ಬೇಡುತ್ತಿದ್ದಳು, ತಿಳಿಯದೆ. ತಂಪಕ್ಕ ಕಟ್ಟರ್ ತೆಗೆದು ಕೊಳವೆಗೆ ಸಿಕ್ಕಿಸಿದಳು. ಎರಡು ಸುತ್ತು ತಿರುಗಿಸಿದರೆ ಸಾಕು. ಬೆರಳು ಬಿಗಿಯಿತು. ಗಾಜಿನ ಆಚೆ ಟೀಚರಮ್ಮ ಕನ್ನಡಕವಿಲ್ಲದೆ ಮಲಗಿದ್ದರು.

ಅವಳು ಕಟ್ಟರ್ ಬಿಚ್ಚಿ ಚೀಲಕ್ಕೆ ಹಾಕಿದಳು. "ಗಂಟೆ ಹೊಡೆಯೋವರೆಗೆ ನನಗೆ ಬಿಡಿ. ಅಲ್ಲಿಯವರೆಗೆ ಅಮ್ಮನ್ನ ಮಂಚದ ಮೇಲೆ ಮಲಗಿಸಿ, ಮೀನು ಮಾರ್ಕೆಟ್ಟಿಂದ ಐಸ್ ತರಿಸಿ ಸುತ್ತ ಇಡಿ."

"ನಮ್ಮಮ್ಮ ಏನು ಮೀನಾ?" ಎಂದ ಹಿರಿಮಗ. ಬೆಂಚಿನ ಮೇಲೆ ಕೂತಿದ್ದವರೆಲ್ಲ ತಲೆ ತಗ್ಗಿಸಿದರು.

"ಮೀನು ಹಿಡಿಯೋರನ್ನೇ ಅಲ್ವಾ ಅಣ್ಣಾ, ಯೇಸುಸ್ವಾಮಿ ಮೊದಲು ಕರೆದದ್ದು? ನಿಮಗೂ ನನಗೂ ಅದನ್ನ ಹೇಳಿಕೊಟ್ಟೋರು ಇವರೇ."

ಯಾರೋ ಕೆಮ್ಮಿ ನಗು ನುಂಗಿದರು. ಹಿರಿಮಗ ನಗಲಿಲ್ಲ. ಸೊಸೆ ಅವಳ ಮುಖವನ್ನೊಮ್ಮೆ ದಿಟ್ಟಿಸಿ, ಮಗುವನ್ನು ಓರಗಿತ್ತಿಯ ಕೈಗೆ ಕೊಟ್ಟು, ಐಸಿಗೆ ಫೋನ್ ಹಚ್ಚಿದಳು.

ತಂಪಕ್ಕ ಸ್ಕೂಟರು ಹತ್ತಿ ನೇರ ಎಕ್ಸ್‌ಪ್ರೆಸ್‌ನ ಅಂಗಡಿಗೆ ಹೋದಳು. ತರಬೇತಿಯಲ್ಲಿ ಕೊಟ್ಟ ಸಿಲಿಂಡರು ಅವನ ಬಾಗಿಲಿನ ಬುಡದಲ್ಲಿತ್ತು. ಗಾಳಿಗೆ ಬಾಗಿಲು ಬಡಿಯದಿರಲೆಂದು ಇಟ್ಟಿದ್ದ. ಒಂದು ಸಲವೂ ಬಳಸಿದ್ದಲ್ಲ. ತುಳಿಯದೆ ಬಿಟ್ಟಿದ್ದ ಮೆಟ್ಟಿಲು ಹತ್ತಿ, ಸಂಗತಿ ಹೇಳಿ, ಅದನ್ನು ಕೊಡು ಎಂದು ಕೇಳಿದಳು.

ಅವನು ಪೂರ್ತಿ ಕೇಳಿಸಿಕೊಂಡು, ಕೈ ಒರೆಸಿಕೊಳ್ಳುತ್ತ ಎದ್ದ. "ಇಷ್ಟಕ್ಕೆ ಯಾಕಕ್ಕ ಪರದಾಟ? ನಾನೇ ಬರ್ತೀನಿ. ಕೊಳವೆ ನಾನು ಕತ್ತರಿಸ್ತೀನಿ, ನೀನು ಆ ಕಡೆ ಮುಖ ತಿರುಗಿಸ್ಕೋ. ಪಾಪ ನನ್ನ ತಲೆ ಮೇಲಿರ್ಲಿ."

ಅದೂ ಒಂದು ದಾರಿಯೇ. ಮಾತು ಕೊಟ್ಟದ್ದು ಅವಳ ಕೈ, ಅವನದಲ್ಲವಲ್ಲ. ಒಂದು ಗಳಿಗೆ ಅವಳಿಗೂ ಹಾಗೇ ಅನ್ನಿಸಿತು.

"ಪಾಪ ನೀನು ಹೊರ್ತೀಯ, ಸರಿ. ಸೆಕೆ ಹೊರೋದು ಮಗು" ಎಂದಳು.

ಅವನು ಅವಳನ್ನೇ ನೋಡಿದ. ಆಮೇಲೆ ಕಾಲಿನಿಂದ ಸಿಲಿಂಡರನ್ನು ಈಚೆ ತಳ್ಳಿದ. "ತಗೊಂಡು ಹೋಗು. ಬಾಗಿಲಿಗೆ ಒಂದು ಕಲ್ಲು ತಂದಿಡು ಆಮೇಲೆ."

ಮರಳಿದಾಗ ಪೆಟ್ಟಿಗೆ ಜಗಲಿಗೆ ಬಂದಿತ್ತು. ಒಳಗೆ ಮಂಚದ ಮೇಲೆ ಟೀಚರಮ್ಮ, ಸುತ್ತ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಐಸಿನ ಗಟ್ಟಿಗಳು, ನೆಲದಲ್ಲಿ ಹರಡುವ ನೀರು. ಸೊಸೆ ಸೀರೆ ಎತ್ತಿ ಕಟ್ಟಿ ನೀರು ಒರೆಸಿ ಒರೆಸಿ ಬಕೆಟ್ಟಿಗೆ ಹಿಂಡುತ್ತಿದ್ದಳು. ತಂಪಕ್ಕನೊಡನೆ ಮಾತಾಡಲಿಲ್ಲ.

ಸಿಲಿಂಡರಿನೊಳಗಿನ ಗಾಳಿ ತೆಗೆದು, ಗ್ಯಾಸು ಎಳೆಯುವ ತನ್ನ ಯಂತ್ರಕ್ಕೆ ಜೋಡಿಸಿ ಚಾಲೂ ಮಾಡಿದಳು. ಗೇಜಿನ ಮುಳ್ಳು ಆಮೆಯ ಹಾಗೆ ಇಳಿಯಿತು. ಅದನ್ನು ಅವಸರಪಡಿಸಲು ಯಾವ ಉಪಾಯವೂ ಇಲ್ಲ. ಐಸು ಕರಗುವ ಸದ್ದು, ಹಿರಿಮಗನ ಚಪ್ಪಲಿಯ ಸದ್ದು, ಬೀದಿಯಲ್ಲಿ ಹೆಣ ಹೊರುವವರ ಪಿಸುಮಾತು ಎಲ್ಲವೂ ಅವಳ ಬೆನ್ನಿಗೆ ಬಡಿಯುತ್ತಿದ್ದವು. ಕೊನೆಗೂ ಮುಳ್ಳು ತಳ ಮುಟ್ಟಿತು. ಕತ್ತರಿಸಿದಳು. ಬುಸ್ಸೆನ್ನಲಿಲ್ಲ. ಹೊಸ ಫಿಲ್ಟರು ಬೆಸೆದು, ಕೊಳವೆಯ ಗಾಳಿ ಎಳೆದು, ಗ್ಯಾಸು ತುಂಬಿ ಸ್ವಿಚ್ಚು ಒತ್ತುವ ಹೊತ್ತಿಗೆ ಗಂಟೆ ಹೊಡೆಯಿತು.

ಫಾದರ್ ಬಾಗಿಲಲ್ಲಿದ್ದರು. ಪೆಟ್ಟಿಗೆ ಗುಂಯ್ಗುಟ್ಟುತ್ತಿತ್ತು, ಗಾಜು ಮಾತ್ರ ತಿಳಿಯಾಗಿಯೇ ಇತ್ತು. ಹೊರುವವರು ಬೆಂಚಿನಿಂದೆದ್ದರು. ಸೊಸೆ ಮಂಚಕ್ಕೂ ಬಾಗಿಲಿಗೂ ನಡುವೆ ಹಿಂಡುವ ಬಟ್ಟೆ ಹಿಡಿದು ನಿಂತಳು. ಹಿರಿಮಗ ಜಗಲಿಗೆ ಬಂದು ಮುಚ್ಚಳ ಸರಿಸಿ ಒಳತಟ್ಟೆಯ ಮೇಲೆ ಅಂಗೈಯಿಟ್ಟ. ತುಂಬ ಹೊತ್ತು ಇಟ್ಟುಕೊಂಡೇ ಇದ್ದ. ಕೈ ತೆಗೆದು, ತಂಪಕ್ಕನ ಕಡೆ ನೋಡದೆ, ಹೊರುವವರಿಗೆ ಹೇಳಿದ: "ಬೆಳಿಗ್ಗೆ ಬನ್ನಿ."

ಬೆಳಿಗ್ಗೆ ಕಿರಿಮಗ ಬಂದ. ಮುಚ್ಚಳ ತೆಗೆದರು. ಬಾಗಿ ತಾಯಿಯ ಹಣೆ ಸವರಿದವನ ಕೈ ನಿಂತಿತು.

"ಕೂದಲು ಯಾಕೆ ಒದ್ದೆ?"

ಸೊಸೆ ನೆಲ ನೋಡಿದಳು. ಸುಮ್ಮನಿದ್ದಿದ್ದರೆ ಮಾತು ಹಾಗೇ ಮುಗಿಯುತ್ತಿತ್ತೇನೋ. ಗೋಡೆಗೊರಗಿದ್ದ ತಂಪಕ್ಕ ಮುಂದೆ ಬಂದಳು. "ನನ್ನಿಂದ. ಪೆಟ್ಟಿಗೆ ಕೆಟ್ಟಿತ್ತು. ಅದರ ಗ್ಯಾಸನ್ನ ಗಾಳಿಗೆ ಬಿಟ್ಟಿದ್ರೆ ಬೇಗ ಆಗ್ತಿತ್ತು. ನಾನು ಬಿಡ್ಲಿಲ್ಲ. ಅಮ್ಮನ್ನ ಐಸಿನ ಮೇಲೆ ಮಲಗಿಸಬೇಕಾಯ್ತು."

ಅವನು ಅಣ್ಣನನ್ನು ನೋಡಿದ, ಹೆಂಡತಿಯನ್ನು ನೋಡಿದ. ಹೆಂಡತಿ ಒಳಗೆ ಹೋಗಿ ಒಣ ಟವೆಲ್ಲು, ಬಾಚಣಿಗೆ ತಂದು ಅವನ ಕೈಗೆ ಕೊಟ್ಟಳು. ಅವನು ಆ ನರೆಗೂದಲನ್ನು ಎಳೆ ಎಳೆಯಾಗಿ ಒರೆಸಿ, ಟೀಚರಮ್ಮ ತರಗತಿಗೆ ಬರುತ್ತಿದ್ದಂತೆಯೇ ನಡುಬೈತಲೆ ತೆಗೆದು ಬಾಚಿದ. ಅಷ್ಟು ಹೊತ್ತು ಪ್ರಾರ್ಥನೆ ಶುರುವಾಗದೆ ಕಾದಿತ್ತು.

"ಎಲ್ಲಿದೆ ಆ ಗ್ಯಾಸು?" ಎಂದು ಆಮೇಲೆ ಕೇಳಿದ.

ಜಗಲಿಯಲ್ಲಿತ್ತು. ಮಗು ಸಿಲಿಂಡರನ್ನು ಹಿಡಿದು ನಿಲ್ಲಲು ನೋಡುತ್ತಿತ್ತು, ಬೀಳುತ್ತಿತ್ತು, ಮತ್ತೆ ಹಿಡಿಯುತ್ತಿತ್ತು. ಡಿಪೋ ತಾನು ಹಿಂದಿರುಗುವ ದಾರಿಯಲ್ಲೇ ಇದೆ, ತಾನೇ ಮುಟ್ಟಿಸುತ್ತೇನೆ ಎಂದ ಅವನು.

"ನಮ್ಮ ಮಂಚದ ಕೆಳಗೆ ಇನ್ನೂ ಇವೆ" ಎಂದಳು ತಂಪಕ್ಕ, ಸಂಕೋಚಪಡದೆ. ಸೊಸೆಗೆ ಹಿಂದಿನ ದಿನದಿಂದ ಮೊದಲ ಸಲ ತುಟಿ ಅಲುಗಿತು. ಅವನ್ನೂ ಗಾಡಿಗೆ ಹಾಕಿ ಎಂದಳು.

ಮಣ್ಣು ಕೊಟ್ಟು ಬರುವಾಗ ತಂಪಕ್ಕ ಸಮಾಧಿಭೂಮಿಯ ಗೇಟಿನ ಹೊರಗೆ ಸ್ಕೂಟರು ನಿಲ್ಲಿಸಿದಳು. ರಸ್ತೆಯಂಚಿನಲ್ಲಿ ಹುಡುಕಿ, ತಳ ಚಪ್ಪಟೆಯಾದ ಒಂದು ತೂಕದ ಕಲ್ಲನ್ನು ಎತ್ತಿ, ಮಣ್ಣು ಕೊಡವಿ, ಕಾಲಿನ ಬಳಿ ಇಟ್ಟುಕೊಂಡಳು. ಎಕ್ಸ್‌ಪ್ರೆಸ್‌ನ ಬಾಗಿಲು ನಿನ್ನೆಯಿಂದ ಬಡಿದುಕೊಳ್ಳುತ್ತಿರಬೇಕು.